ಸಕ್ಕರೆ ಇಲ್ಲದ ಬಿಸ್ಕತ್ತು

“ಒತ್ತೇ ಹೆಬ್ಬೆಟ್ಟು, ಮುಂಡೆ! ಲೇಬಲ್ಲು ಅದಲುಬದಲಾಯ್ತು, ತಪ್ಪು ನಂದೇ ಅಂತ ಬರ್ದಿದೆ ಅಷ್ಟೇ. ನಿನ್ನ ತಲೆಯೇನೂ ಹೋಗಲ್ಲ.”

ಮೇಸ್ತ್ರಿ ಶಾಯಿ ಡಬ್ಬಿಯನ್ನು ಅವಳ ಮುಂದೆ ತಳ್ಳಿದ. ಬಿಸ್ಕತ್ತು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಲೇಬಲ್ ಅಂಟಿಸಿ ಅಂಟಿಸಿ ಅವಳಿಗೆ ಲೇಬಲ್ಲಕ್ಕ ಅಂತಲೇ ಹೆಸರು ಬಿದ್ದಿತ್ತು. ಗಂಡ ಸತ್ತು ಮೂರು ತಿಂಗಳು. ಆ ಬೈಗುಳ ನೆಟ್ಟಗೆ ಎದೆಗೇ ಬಡಿಯಿತು.

ಗಂಡ ಮೂಟೆ ಹೊರುವವನು. ಸಕ್ಕರೆ ಕಾಯಿಲೆ, ಆದರೂ ಸಿಹಿ ಅಂದರೆ ಪ್ರಾಣ. ಹಸಿರು ಲೇಬಲ್ ಅಂದರೆ ‘ಸಕ್ಕರೆ ಇಲ್ಲ’ ಎಂದು ಓದು ಬಾರದ ಅವಳಿಗೆ ಹೇಳಿಕೊಟ್ಟವನು ಇದೇ ಮೇಸ್ತ್ರಿ. ಶನಿವಾರ ಕೆಲಸದವರಿಗೆ ಕೊಡುವ ಒಡಕು ಬಿಸ್ಕತ್ತಿನ ಹಸಿರು ಪ್ಯಾಕೆಟ್ಟುಗಳನ್ನು ತಂದು ಚಹಾದಲ್ಲಿ ಅದ್ದಿ ಕೊಡುತ್ತಿದ್ದಳು.

“ಇದೇನೇ ಇಷ್ಟು ಸಿಹಿ!”

“ಬೇರೆ ಏನೋ ಪುಡಿಯಂತೆ. ತಿನ್ನು, ನಾನೇ ಅಂಟ್ಸಿರೋ ಲೇಬಲ್ಲು.”

ಕಾಲಿನ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ. ಆಮೇಲೆ ಅವನೇ ಹೋದ.

ಅದೇ ಬಿಸ್ಕತ್ತು ತಿಂದು ತನ್ನ ತಂದೆ ಆಸ್ಪತ್ರೆ ಸೇರಿದಾಗ ಟೀಚರಮ್ಮನೊಬ್ಬಳು ಪ್ಯಾಕೆಟ್ಟನ್ನು ಪರೀಕ್ಷೆಗೆ ಕಳಿಸಿದಳು. ಮೂರರಲ್ಲೊಂದು ಪಾಲು ಸಕ್ಕರೆ! ಗ್ರಾಹಕರ ಕೋರ್ಟಿಗೆ ಹೋದಳು. ಅದಕ್ಕೇ ಈ ಹೆಬ್ಬೆಟ್ಟು.

ಲೇಬಲ್ಲಕ್ಕ ಒತ್ತಲಿಲ್ಲ. ಟೀಚರಮ್ಮನ ಪರ ಸಾಕ್ಷಿಗೆ ನಿಂತಳು.

“ಓದೋಕೇ ಬರಲ್ಲ ಅಂತೀಯ. ಲೇಬಲ್ ಅದಲುಬದಲು ಮಾಡಿಲ್ಲ ಅಂತ ಹೇಗೆ ಹೇಳ್ತೀಯ?” ಕಂಪನಿ ವಕೀಲ ನಕ್ಕ.

“ಎರಡು ವರ್ಷದಿಂದ ನನ್ನ ಮೇಜಿಗೆ ಹಸಿರು ಬಿಟ್ಟು ಬೇರೆ ಲೇಬಲ್ಲೇ ಬಂದಿಲ್ಲ ಸ್ವಾಮಿ. ಯಾವುದ್ರ ಜೊತೆ ಅದಲುಬದಲು ಮಾಡ್ಲಿ? ಅದನ್ನೇ ನಂಬಿ ನನ್ ಗಂಡನ ಬಾಯಿಗೂ ಇಟ್ಟೆ.”

ಕೇಸು ಟೀಚರಮ್ಮನ ಕಡೆಗಾಯಿತು.

“ನನ್ ಗಂಡಂದು?” ಲೇಬಲ್ಲಕ್ಕ ಕೇಳಿದಳು.

“ಕೊಂಡಿದ್ದಕ್ಕೆ ರಸೀದಿ ಇದೆಯೇನಮ್ಮಾ?” ನ್ಯಾಯಾಧೀಶರ ದನಿ ಮೆತ್ತಗಿತ್ತು.

ಒಡಕಿಗೆ ಯಾವನು ರಸೀದಿ ಕೊಡುತ್ತಾನೆ?

ಮೆಟ್ಟಿಲಲ್ಲಿ ಟೀಚರಮ್ಮ ಅವಳ ಕೈ ಹಿಡಿದಳು. “ಅಕ್ಕಾ, ನಿಮ್ಮದೂ ಒಂದು ಕೇಸು ಹಾಕೋಣ.”

“ನಾನೇ ತಿನ್ಸಿದ್ದು ಅಂತ ಇನ್ನೊಂದ್ಸಲ ಹೇಳ್ಬೇಕಾ, ತಾಯಿ?”

ಕೆಲಸ ಹೋಯಿತು. ಕಂಪನಿ ಮೇಲಿನ ಕೋರ್ಟಿಗೆ ಹೋಗಿ ತೀರ್ಪಿಗೆ ತಡೆ ತಂದಿತು. ಒಂದು ಬೆಳಿಗ್ಗೆ ಸೋಪು ತರಲು ಅಂಗಡಿಗೆ ಹೋದರೆ, ಕೋಲೂರಿಕೊಂಡ ಮುದುಕನೊಬ್ಬ ಹಸಿರು ಲೇಬಲ್ಲಿನ ಪ್ಯಾಕೆಟ್ ಕೈಗೆತ್ತಿಕೊಳ್ಳುತ್ತಿದ್ದ. ಅವನ ಪಾದಕ್ಕೆ ಬಟ್ಟೆ ಸುತ್ತಿತ್ತು. ಅವಳು ಕಿತ್ತುಕೊಂಡಳು.

“ಬೇಡಪ್ಪಾ, ಇದ್ರಲ್ಲಿ ಸಕ್ಕರೆ ಇದೆ.”

“ಏಯ್ ಹುಚ್ಚು ಮುಂಡೆ, ಕೆಳಗಿಡು!” ಅಂಗಡಿಯವನು ಗಲ್ಲಾ ಬಿಟ್ಟು ಓಡಿಬಂದ.

ಅವಳು ಲೇಬಲ್ಲಿನ ಅಂಚಿಗೆ ಉಗುರು ಹಾಕಿದಳು. ಗೋಂದು ಗಟ್ಟಿಯಿತ್ತು. ಉಗುರು ಸೀಳಿ ರಕ್ತ ಬಂತು, ಲೇಬಲ್ ಅರ್ಧ ಹರಿಯಿತು. ಅಂಗಡಿಯವನು ರಟ್ಟೆ ಹಿಡಿದು ಹೊರಗೆಳೆಯುತ್ತಿದ್ದ. ಅವಳು ಇನ್ನೊಂದು ಕೈಯನ್ನು ಎರಡನೆಯ ಪ್ಯಾಕೆಟ್ಟಿಗೆ ಚಾಚಿದಳು.