ಬಾಳುವಿನ ಮಗ್ಗುಲ ಜಾಗ

ಕಾಶವ್ವ ಬಿಷಪರ ಎಡಗಾಲಿಗೆ ನೇರಳೆ ಬಣ್ಣದ ಕಾಲುಚೀಲ ಏರಿಸುತ್ತಿದ್ದಳು. ಪಾದ ಬಾತುಕೊಂಡಿತ್ತು. ಚೀಲ ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡು ಮೇಲೆ ಬರಲೊಲ್ಲದು. ನೋವಾದೀತೇನೋ ಎಂಬ ಹಾಗೆ ಆಕೆ ಅಂಗಾಲನ್ನು ಕೈಯಲ್ಲಿ ಹಿಡಿದು, ಬೆರಳು ತೂರಿಸಿ ಅರಿವೆ ಸಡಿಲಿಸಿ, ಮೆಲ್ಲಗೆ ಎಳೆದಳು.

ತಲೆಯ ಕಡೆ ನಿಂತಿದ್ದ ಫಾದರ್ ಇನಾಸ್ ಗಂಟಲು ಸರಿಪಡಿಸಿಕೊಂಡರು. ಬೆಳಗಾವಿ ಕಡೆಯ ಎಳೆಯ ಪಾದ್ರಿ. ತೀರಿಹೋದ ಬಿಷಪರನ್ನು ಬಿಟ್ಟರೆ ಆ ಬಂಗಲೆಯಲ್ಲಿ ಕನ್ನಡ ಬಲ್ಲ ಪಾದ್ರಿ ಅವರೊಬ್ಬರೇ.

"ಕಾಶವ್ವಾ, ನಿನ್ನೆ ಮಧ್ಯಾಹ್ನ ಅಪ್ಪಾರು ನಿನ್ನ ಕೂಡ ಕನ್ನಡದಾಗ ಏನೋ ಮಾತಾಡಿದ್ರಂತ. ನರ್ಸಮ್ಮಗ ತಿಳೀಲಿಲ್ಲ. ಹಿರೇ ಫಾದರ್ ಕೇಳಾಕ ಹತ್ಯಾರ. ಏನಂದ್ರು?"

"ನೀರು ಕೇಳಿದ್ರು."

"ಅಷ್ಟ?"

"ಅಷ್ಟರೀ."

ಇನಾಸ್ ಹಿರಿಯ ಪಾದ್ರಿಗೆ ಸುದ್ದಿ ಮುಟ್ಟಿಸಲು ಹೋದರು. ಕಾಶವ್ವ ಬಲಗಾಲಿನ ಚೀಲ ಕೈಗೆತ್ತಿಕೊಂಡಳು. ಹೊರಗೆ ಲಷ್ಕರ ಪೇಟೆಯ ರಸ್ತೆಯಲ್ಲಿ ಆಗಲೇ ಟಾಂಗಾಗಳು ನಿಲ್ಲತೊಡಗಿದ್ದವು. ಬಿಷಪ್ ಕೊನ್ರಾಡ್ ಹೋದ ಸುದ್ದಿ ಪುಣೆಯ ತುಂಬ ಹಬ್ಬಿತ್ತು. ಸ್ವಿಟ್ಜರ್ಲೆಂಡಿನ ಯಾವುದೋ ಹಿಮದೂರಿನಲ್ಲಿ ದನಗಾಹಿಯ ಮಗನಾಗಿ ಹುಟ್ಟಿದ ಈ ಮನುಷ್ಯ ಒಮ್ಮೆ ಹಡಗು ಹತ್ತಿ ಬಂದವರು ತಿರುಗಿ ಹೋಗಲೇ ಇಲ್ಲ. ಇಲ್ಲಿ ಶಾಲೆ ತೆರೆದರು, ಯೆರವಡಾ ಜೈಲಿನ ಕೈದಿಗಳ ಜೊತೆ ನೆಲದ ಮೇಲೆ ಕೂತರು. ಬಿಷಪರಾದ ಮೇಲೂ ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ಕೇಳುವುದನ್ನು ಬಿಡಲಿಲ್ಲ.

* * *

ಎಷ್ಟೋ ವರ್ಷಗಳ ಹಿಂದೆ ಯೆರವಡೆಯ ಕಲ್ಲುಗಣಿಯ ಅಂಚಿಗೆ ತಟ್ಟಿಯ ಗುಡಿಸಲುಗಳಿದ್ದವು. ಬರ ಬಿದ್ದ ವರ್ಷ ಗದಗಿನ ಕಡೆಯಿಂದ ಬಂದವರು ಅಲ್ಲಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದರು. ಕಾಶವ್ವನ ಗಂಡ ಬಂದ ಹೊಸದರಲ್ಲೇ ತೀರಿಕೊಂಡಿದ್ದ. ಉಳಿದವನು ಮಗ ಬಾಳು. ಕೊನ್ರಾಡ್ ಆಗ ಬರಿಯ ಪಾದ್ರಿ. ಜಲ್ಲಿರಾಶಿಯ ಮೇಲೆ ಕೂತು ಕನ್ನಡ ಕಲಿಯುತ್ತಿದ್ದರು, ಬಾಳುವೇ ಅವರ ಮಾಸ್ತರ. ಅವರು ಳಕಾರ ಹೇಳಲು ಹೋಗಿ ಎಡವಿದಾಗಲೆಲ್ಲ ಹುಡುಗ ಬಿದ್ದು ಬಿದ್ದು ನಗುತ್ತಿದ್ದ.

ಆಮೇಲೆ ಪ್ಲೇಗು ಬಂತು. ಬಾಳುವಿನ ತೊಡೆಸಂದಿಯಲ್ಲಿ ಗಂಟು ಎದ್ದ ದಿನ ಕಾಶವ್ವ ಅವನನ್ನು ಕಟ್ಟಿಗೆಯ ಹೊರೆಯ ಹಿಂದೆ ಮಲಗಿಸಿ ಕೌದಿ ಹೊದಿಸಿದಳು. ಸರಕಾರದವರು ಮನೆಮನೆ ಹೊಕ್ಕು ಹುಡುಕುತ್ತಿದ್ದರು. ಪ್ಲೇಗಿನ ಆಸ್ಪತ್ರೆಗೆ ಹೋಗಿ ತಿರುಗಿ ಬಂದವರನ್ನು ಆ ಗುಡಿಸಲುಗಳಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಹುಡುಗನ ನರಳಾಟ ಕೇಳಿಸಿದ್ದು ಕೊನ್ರಾಡರಿಗೆ. ಒಯ್ಯಬೇಡಿ ಎಂದು ಕಾಶವ್ವ ಕಾಲು ಹಿಡಿದಳು. ಅಲ್ಲಿ ಡಾಕ್ಟರಿದ್ದಾರೆ, ಔಷಧ ಇದೆ, ಇಲ್ಲಿ ಇಟ್ಟುಕೊಂಡರೆ ಹುಡುಗ ಉಳಿಯುವುದಿಲ್ಲ ಎಂದು ಅವರು ಬಗೆಬಗೆಯಾಗಿ ಹೇಳಿದರು.

"ನಾ ಒಯ್ತೀನಿ, ನಾನ ತಿರುಗಿ ತರತೀನಿ. ನಂಬು," ಎಂದರು.

ಆಕೆ ನಂಬಿದಳು. ಅವರು ಹುಡುಗನನ್ನು ಕೌದಿಯ ಸಮೇತ ಎತ್ತಿಕೊಂಡು ಹೋದರು. ಆಸ್ಪತ್ರೆಯ ಬೇಲಿಯೊಳಗೆ ತಾಯಂದಿರನ್ನು ಬಿಡುತ್ತಿರಲಿಲ್ಲ. ಆಕೆ ಹೊರಗೇ ಕೂತಿದ್ದಳು. ಮರುದಿನ ಕೊನ್ರಾಡ್ ಬರಿಗೈಯಲ್ಲಿ ಬಂದರು. ಕೌದಿಯನ್ನೂ ಸುಟ್ಟಿದ್ದರು. ಮಿಶನ್ನಿನ ಸ್ಮಶಾನದಲ್ಲಿ, ಗೋಡೆಯ ಮೂಲೆಗೆ ಅವರೇ ಗುಂಡಿ ತೋಡಿ ಮಣ್ಣು ಮಾಡಿದ್ದರು. ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಗುರುತಿಗೆ ಒಂದು ಕಲ್ಲು. ಅದರ ಒಂದು ಮಗ್ಗುಲಿಗೆ ಗೋಡೆ, ಇನ್ನೊಂದು ಮಗ್ಗುಲು ಖಾಲಿ.

ಆಮೇಲೆ ಅವರ ಮನೆಯಲ್ಲೇ ಆಕೆ ಅಡಿಗೆಗೆ ನಿಂತಳು. ಯಾಕೆ ನಿಂತೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮಗನ ಕಡೆಯ ಉಸಿರು ಕಂಡವರು ಲೋಕದಲ್ಲಿ ಅವರೊಬ್ಬರೇ ಇದ್ದರು. ಆ ಮಾತನ್ನು ಅವರು ಎತ್ತಲಿಲ್ಲ, ಆಕೆ ಕೇಳಲಿಲ್ಲ. ವರ್ಷಕ್ಕೊಮ್ಮೆ ಸತ್ತವರ ಹಬ್ಬಕ್ಕೆ ಆಕೆ ಬೆಳಿಗ್ಗೆ ಆ ಮೂಲೆಗೆ ಹೋಗಿಬರುತ್ತಿದ್ದಳು; ಅವರು ಸಂಜೆ ಹೋಗುತ್ತಿದ್ದರು. ಜೊತೆಗೆ ಎಂದೂ ಹೋಗಲಿಲ್ಲ.

* * *

ಚರ್ಚು ಕಿಕ್ಕಿರಿದಿತ್ತು. ಪೀಠದ ಮುಂದೆ ಬಿಷಪರನ್ನು ಹೂಳಲು ನೆಲದ ಹಾಸುಗಲ್ಲು ಎತ್ತಿ ಬದಿಗೆ ಒರಗಿಸಿದ್ದರು. ಲ್ಯಾಟಿನ್ ಹಾಡು ಮುಗಿದ ಮೇಲೆ ಹಿರಿಯ ಪಾದ್ರಿ ಇಂಗ್ಲಿಷಿನಲ್ಲಿ ಉಪದೇಶ ಮಾಡಿದರು. ಕಲ್ಲುಗಣಿಯ ಕಡೆಯ ಜನರಿಗಾಗಿ ಇನಾಸ್ ಅದನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದರು. ನಮ್ಮ ಬಿಷಪರ ಕೊನೆಯ ಮಾತು ನೀರಿಗಾಗಿ ಆಗಿತ್ತು. ಶಿಲುಬೆಯ ಮೇಲೆ ಪ್ರಭುವಿಗೂ ಬಾಯಾರಿತ್ತು. ಒಡೆಯನಂತೆಯೇ ಆಳೂ ಬಾಯಾರಿ ಹೋದ ಎಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬಾಕೆ ಕಾಶವ್ವನ ಕಡೆ ತಿರುಗಿ, ಆ ನೀರು ಕೊಟ್ಟ ಪುಣ್ಯ ನಿನ್ನದು ಎಂದು ಆಕೆಯ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಕಾಶವ್ವ ಕೈ ಕಿತ್ತುಕೊಂಡು ಹೊರಗೆ ಬಂದಳು.

* * *

ಹಿಂದಿನ ಮಧ್ಯಾಹ್ನ ಅವರು ನೀರು ಕೇಳಿರಲಿಲ್ಲ.

"ಕಾಶವ್ವ," ಎಂದಿದ್ದರು, "ಇವರು ನನ್ನ ದೊಡ್ಡ ಚರ್ಚಿನಾಗ ಇಡತಾರ. ನನಗ ಅದು ಬ್ಯಾಡ. ಬಾಳೂನ ಬಾಜೂಕ ಜಾಗಾ ಅದ."

ಆಕೆ ಹೊದಿಕೆ ಎಳೆದು ಅವರ ಕಾಲು ಮುಚ್ಚಿದಳು.

"ನೀ ಹೂಂ ಅಂದ್ರ ಇವರಿಗೆ ಹೇಳು. ಮನಸ್ಸಿಲ್ಲಂದ್ರ ಹೇಳಬ್ಯಾಡ. ನಾ ಬ್ಯಾರೆ ಯಾರಿಗೂ ಹೇಳಿಲ್ಲ."

ಆ ಜಾಗವನ್ನು ಆಕೆ ತನಗೆಂದು ನೋಡಿಕೊಂಡಿದ್ದಳು. ಮಗನನ್ನು ಒಯ್ದವರಿಗೆ ಮಗನ ಮಗ್ಗುಲನ್ನೂ ಕೊಡಬೇಕೇ? ನೀರು ತರುತ್ತೇನೆ ಎಂದು ಆಕೆಯೇ ಎದ್ದು ಹೋದಳು. ಅಡಿಗೆಮನೆಯಲ್ಲಿ ತಂಬಿಗೆ ಹಿಡಿದು ಬೇಕೆಂತಲೇ ತಡೆದು ನಿಂತಳು. ತಿರುಗಿ ಬಂದಾಗ ಅವರ ಮುಖ ಬಾಗಿಲ ಕಡೆಗೇ ಇತ್ತು, ಕಣ್ಣು ತೆರೆದಿದ್ದವು, ಉಸಿರು ಇರಲಿಲ್ಲ.

* * *

ಚರ್ಚಿನ ಪಡಸಾಲೆಯ ಮೆಟ್ಟಿಲ ಮೇಲೆ ರಂಗೂಬಾಯಿ ಕೂತಿದ್ದಳು. ಕಲ್ಲುಗಣಿಯ ಕಾಲದ ನೆರೆಯವಳು. ತಾನು ಬೇರೆ ದೇವರಿಗೆ ನಡೆದುಕೊಳ್ಳುವವಳೆಂದು ಒಳಗೆ ಹೋಗಿರಲಿಲ್ಲ. ಪಕ್ಕದಲ್ಲಿ ಮಗಳು ಶಾಮಲಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಇಕಿ ಯಾಕ ಇಷ್ಟು ಅಳತಾಳ?" ಎಂದಳು ಕಾಶವ್ವ.

ರಂಗೂಬಾಯಿ ಮಗಳ ಬೆನ್ನ ಮೇಲೆ ಕೈ ಇಟ್ಟಳು. "ನಿನಗ ಹ್ಯಾಂಗ ಹೇಳಲಿ ಅಂತ ಇಷ್ಟು ವರ್ಷ ಬಾಯಿ ಕಟಗೊಂಡಿದ್ದೆ. ನಿನ್ನ ಬಾಳೂ ಹ್ವಾದ ಮ್ಯಾಲೆ ಇಕಿಗೂ ಗಂಟು ಎದ್ದಿತ್ತು. ಅಪ್ಪಾರು ನೋಡಿದ್ರು. ಆದ್ರ ಒಯ್ಯಲಿಲ್ಲ. ನಮ್ಮ ಗುಡಸಲದಾಗ ಕುಂತು ಜ್ವರಾ ಇಳಿಯೂತನಕಾ ಮೈ ಒರಸಿದ್ರು. ಸಿಪಾಯಿ ಬಂದ್ರ ಬಾಗಲದಾಗ ನಿಂತು, ಇಲ್ಲೆ ಯಾರಿಗೂ ಏನೂ ಇಲ್ಲ ಅಂತ ಸುಳ್ಳ ಹೇಳಿದ್ರು."

"ಯಾಕ ಒಯ್ಯಲಿಲ್ಲಂತ?"

"ಕೇಳಿದೆ. ತಾಯಿ ಕೈಯಾಗಿಂದ ಕೂಸು ಕಸಗೊಳ್ಳೂದು ಇನ್ನೊಮ್ಮೆ ನನ್ನಿಂದ ಆಗೂದಿಲ್ಲ ಅಂದ್ರು."

ಕಾಶವ್ವನಿಗೆ ಮೊದಲು ಬಂದದ್ದು ಸಿಟ್ಟು. ಈ ಸುಳ್ಳನ್ನು ಬಾಳುವಿಗಾಗಿ ಹೇಳಬಹುದಿತ್ತಲ್ಲ. ಶಾಮಲಾ ತಲೆ ಎತ್ತಿದಳು. ಬೈತಲೆಯ ಹತ್ತಿರ ಬಿಳಿಕೂದಲು ಇಣುಕಿತ್ತು. ಬಾಳು ಇದ್ದಿದ್ದರೆ ಅವನಿಗೂ ಇಷ್ಟೇ ವಯಸ್ಸು. ಆ ಮುಖವನ್ನು ನೋಡುತ್ತ ನಿಂತಂತೆ ಆಕೆಯ ಸಿಟ್ಟು ನಿಲ್ಲಲು ನೆಲೆಯಿಲ್ಲದೆ ಹೋಯಿತು. ನಿನ್ನೆ ಬಾಗಿಲ ಕಡೆ ತಿರುಗಿದ್ದ ಇನ್ನೊಂದು ಮುಖ ಮಾತ್ರ ಉಳಿಯಿತು.

ಆಕೆ ಒಳಗೆ ನುಗ್ಗಿದಳು. ಪೂಜೆ ಮುಗಿದು, ಪೆಟ್ಟಿಗೆಗೆ ಧೂಪ ಹಾಕಲು ಅಣಿಮಾಡುತ್ತಿದ್ದರು. ಇನಾಸರ ತೋಳು ಹಿಡಿದು ಕಂಬದ ಮರೆಗೆ ಎಳೆದು ಎಲ್ಲವನ್ನೂ ಹೇಳಿದಳು.

ಇನಾಸ್ ಹಿರಿಯ ಪಾದ್ರಿಯ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಆ ಹಿರಿಯರು ಕಾಶವ್ವನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ದುಃಖದಲ್ಲಿ ಮುದುಕಿಗೆ ಏನೇನೋ ಹೊಳೆಯುತ್ತಿದೆ, ಬೆಳಿಗ್ಗೆ ಒಂದು ಈಗ ಒಂದು ಹೇಳಿದರೆ ಹೇಗೆ ನಂಬುವುದು ಎಂದರೆಂದು ಇನಾಸ್ ತಿರುಗಿ ಬಂದು ಹೇಳಿದರು.

"ನೀವು ನಂಬತೀರೇನು?" ಎಂದು ಕೇಳಿದಳು ಕಾಶವ್ವ.

"ನಂಬತೇನಿ," ಎಂದರು ಇನಾಸ್. "ಬೆಳಿಗ್ಗೆನ ಹೇಳಿದ್ರ ನಾ ಹಟಾ ಹಿಡೀತಿದ್ದೆ, ಕಾಶವ್ವ."

ಪೆಟ್ಟಿಗೆ ಇಳಿಯಿತು. ಹಾಸುಗಲ್ಲನ್ನು ಸರಿಸಿ ಕೂಡಿಸುವಾಗ ಆ ಸದ್ದು ಚರ್ಚಿನ ಮೂಲೆಮೂಲೆಗೆ ಕೇಳಿಸಿತು.

ಹೊತ್ತು ಇಳಿಯುವ ಮುಂಚೆ ಕಾಶವ್ವ ಸೇತುವೆ ದಾಟಿ ಯೆರವಡೆಯ ಸ್ಮಶಾನಕ್ಕೆ ಬಂದಳು. ಕೈಯಲ್ಲಿ ಅಡಿಗೆಮನೆಯ ಕುಡಗೋಲು. ಕಲ್ಲಿನ ಮಗ್ಗುಲಿಗೆ ಮುಳ್ಳುಗಂಟಿ, ಒಣಹುಲ್ಲು ಮೊಣಕಾಲೆತ್ತರ ಬೆಳೆದಿದ್ದವು. ಆಕೆ ಕುಕ್ಕುರುಗಾಲಲ್ಲಿ ಕೂತು ತಲೆಯ ಕಡೆಯಿಂದ ಸವರುತ್ತ ಬಂದಳು. ಬೇರು ಕಿತ್ತು ಎಸೆದಳು, ಕಲ್ಲು ಹರಳು ಆರಿಸಿದಳು, ಅಂಗೈಯಿಂದ ಮಣ್ಣು ಸಮ ಮಾಡಿದಳು. ತಾನು ಮಲಗುವಷ್ಟು ಜಾಗ ಹಸನಾದಾಗ ಕೈ ನಿಲ್ಲಿಸಿ ನೋಡಿದಳು. ಅವರು ಎತ್ತರದ ಆಳು. ಕಾಶವ್ವ ಕೂತಲ್ಲಿಂದಲೇ ಹಿಂದಕ್ಕೆ ಸರಿದು, ಕಾಲ ಕಡೆಗೆ ಇನ್ನೊಂದು ಮೊಳ ಹುಲ್ಲು ಕೊಯ್ಯತೊಡಗಿದಳು.