ವಲ್ಲಿಯೊಳಗಿನ ಕೈ

ಬಬಲೇಶ್ವರದ ಬಸಲಿಂಗಯ್ಯನ ಬಾಯಿಯನ್ನು ಯಾರೂ ನಂಬುತ್ತಿರಲಿಲ್ಲ, ಕೈಯನ್ನು ಮಾತ್ರ ಎಲ್ಲರೂ ನಂಬುತ್ತಿದ್ದರು. ಇದರಲ್ಲಿ ಅವನಿಗೇನೂ ಬೇಜಾರಿರಲಿಲ್ಲ. ನಲವತ್ತು ವರ್ಷ ದನದ ದಲಾಲಿ ಮಾಡಿದವನಿಗೆ ದೇವರು ಬಾಯಿ ಕೊಟ್ಟಿರುವುದೇ ಹೊಗಳುವುದಕ್ಕೆ. ಹಲ್ಲು ಸವೆದ ಎತ್ತನ್ನು ಸಂತೆಯಲ್ಲಿ ನಿಲ್ಲಿಸಿ, "ಮೊನ್ನೆ ಮೊನ್ನೆ ಹಾಲು ಬಿಡಿಸೇವ್ರಿ ಇದಕ್ಕ" ಎಂದು ಕಣ್ಣು ಮಿಟುಕಿಸದೆ ಹೇಳಬಲ್ಲ ಮನುಷ್ಯ.

ಆದರೆ ರೇಟಿನ ಮಾತು ಬಂತೆಂದರೆ ಹೆಗಲ ಮೇಲೆ ಹೊದ್ದ ಬಟ್ಟೆ, ಅವರ ಮಾತಿನಲ್ಲಿ ವಲ್ಲಿ, ಕೆಳಗಿಳಿಯುತ್ತಿತ್ತು. ಅದರೊಳಗೆ ಮಾರುವವನದೊಂದು ಕೈ, ಕೊಳ್ಳುವವನದೊಂದು ಕೈ. ಸುತ್ತ ನಿಂತವರಿಗೆ ಏನೂ ಕಾಣದು. 'ಸಾವಿರದ ಲೆಕ್ಕ' ಎಂದಷ್ಟೇ ಬಾಯಲ್ಲಿ ಹೇಳುವುದು. ಆಮೇಲೆ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಅಂಗೈ ಇಡಿಯಾಗಿ ಹಿಡಿದರೆ ಐದು. ಬಾಯಿ ಎಷ್ಟಾದರೂ ಸುಳ್ಳಾಡಲಿ, ವಲ್ಲಿಯೊಳಗೆ ಕೈ ಸುಳ್ಳಾಡಬಾರದು. ಆಡಿದವನ ಕೈಯನ್ನು ಆಮೇಲೆ ಯಾವ ಸಂತೆಯಲ್ಲೂ ಯಾರೂ ಮುಟ್ಟುತ್ತಿರಲಿಲ್ಲ.

ಟ್ರ್ಯಾಕ್ಟರುಗಳು ಬಂದ ಮೇಲೆ ಈ ಕೈಗೆ ಕೆಲಸ ಕಡಿಮೆಯಾಯಿತು. ಮನೆಯಲ್ಲಿ ಕೂತು ಕೂತು ಮೊಣಕಾಲೂ ಹಿಡಿದುಕೊಂಡಿತು. ಅದನ್ನು ತೋರಿಸಲು ವಿಜಯಪುರದ ಜಲನಗರಕ್ಕೆ ಹೋದ ದಿನವೇ ಬಸಲಿಂಗಯ್ಯ ದವಾಖಾನೆಯ ಎದುರಿನ ಮಹಡಿಯ ಮೇಲೊಂದು ಫಲಕ ಕಂಡ. 'ಶೇರು ಮಾರುಕಟ್ಟೆ ಕಲಿಯಿರಿ. ಮೊದಲ ದಿನ ಉಚಿತ. ಚಹಾ, ಸುಸಲಾ ವ್ಯವಸ್ಥೆ ಇದೆ.' ಸತ್ಯ ಹೇಳಬೇಕೆಂದರೆ ಅವನು ಮೆಟ್ಟಿಲು ಹತ್ತಿದ್ದು ಒಗ್ಗರಣೆ ಹಾಕಿದ ಮಂಡಕ್ಕಿಯ ಆ ಸುಸಲಾಕ್ಕೆ.

ಮೇಲೆ ತಂಪು ಕೋಣೆ, ಗೋಡೆಯ ತುಂಬ ಪರದೆ, ಪರದೆಯ ತುಂಬ ಕೆಂಪು ಹಸಿರು ಕಡ್ಡಿ. ಕ್ಲಾಸು ನಡೆಸುವ ಚೇತನಕುಮಾರನಿಗೆ ಮೂವತ್ತೂ ದಾಟಿರಲಿಲ್ಲ, ಆದರೂ ಎಲ್ಲರೂ ಅವನಿಗೆ ಸರ್, ಸರ್ ಎನ್ನುತ್ತಿದ್ದರು. ಶೇರು ಎಂದರೆ ಕಂಪನಿಯಲ್ಲಿ ಪಾಲು ಎಂದ. ಬಸಲಿಂಗಯ್ಯನಿಗೆ ತಟ್ಟನೆ ತಿಳಿಯಿತು, ಇಬ್ಬರು ಕೂಡಿ ಒಂದು ಎತ್ತು ಕೊಂಡ ಹಾಗೆ. ಸ್ಟಾಪ್ ಲಾಸ್ ಎಂದರೇನು ಎಂದು ಚೇತನಕುಮಾರ ಅರ್ಧ ತಾಸು ವಿವರಿಸಿದ. ಬಸಲಿಂಗಯ್ಯ ಹಿಂದಿನ ಸಾಲಿನಿಂದ, "ಅಂದ್ರ ಎತ್ತು ಕುಂಟಾಕ ಸುರು ಮಾಡಿದ್ ಕೂಡ್ಲೆ ಮಾರಿಬಿಡೂದು. ಸಾಯೂತನಾ ಅದರ ಮಾರಿ ನೋಡಕೋತ ಕುಂದ್ರಬಾರ್ದು" ಎಂದ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಅರವತ್ತೆರಡರ ವಯಸ್ಸಿನಲ್ಲಿ ಚಪ್ಪಾಳೆ! ಮುದುಕನ ಮೀಸೆ ಎರಡಿಂಚು ಮೇಲೆದ್ದಿತು.

ಕ್ಲಾಸು ಮುಗಿದ ಮೇಲೆ ಚೇತನಕುಮಾರ ಅವನನ್ನು ಒಳಕ್ಕೆ ಕರೆದ.

"ಅಜ್ಜಾರ, ಊರೂರು ತಿರುಗ್ದವ್ರು ನೀವು, ನಿಮ್ಮ ಮಾತಿಗೆ ತೂಕ ಐತಿ. ನಮ್ಮ ಕಡೆ ರೊಕ್ಕ ಇಟ್ರ ಟ್ರೇಡಿಂಗ್ ನಾವ ಮಾಡ್ತೇವಿ, ಆರು ತಿಂಗಳಿಗೆ ದುಪ್ಪಟ್ಟು. ಅಂಥಾ ಒಬ್ಬರನ್ನ ಕರಕೊಂಡು ಬರ್ರಿ. ನಿಮಗ ಐದು ಸಾವಿರ."

ಹಳೇ ದಲಾಲಿಗೆ ದಲಾಲಿಯ ಆಸೆ ತೋರಿಸಿದರೆ ಇನ್ನೇನಾಗುತ್ತದೆ ಹೇಳಿ! ಎತ್ತಿನ ಸಗಣಿ ತುಳಿಯಬೇಕಿಲ್ಲ, ಬಿಸಿಲಲ್ಲಿ ನಿಲ್ಲಬೇಕಿಲ್ಲ, ತಂಪು ಕೋಣೆಯಲ್ಲಿ ಕೂತು ಐದು ಸಾವಿರ. ಅವನಿಗೆ ಮೊದಲು ನೆನಪಾದದ್ದು ತಿಕೋಟಾದ ಮುರ್ತುಜಾಸಾಬ.

ಮುರ್ತುಜಾಸಾಬ ಒಣದ್ರಾಕ್ಷಿ ವ್ಯಾಪಾರಿ, ಬಸಲಿಂಗಯ್ಯನ ಮೂವತ್ತು ವರ್ಷದ ಗೆಳೆಯ. ಅವನ ಮನೆಯ ಎತ್ತುಗಳೆಲ್ಲ ಬಸಲಿಂಗಯ್ಯ ಆರಿಸಿದವೇ. ಇಬ್ಬರಿಗೂ ತಮ್ಮದೇ ಒಂದು ಗುಟ್ಟಿನ ಸನ್ನೆಯಿತ್ತು. ವಲ್ಲಿಯೊಳಗೆ ಹೆಬ್ಬೆರಳು ಮಡಚಿ ಒತ್ತಿದರೆ, 'ದನ ಕುಂಟು, ಸುಮ್ಮನೆ ಎದ್ದು ನಡಿ' ಎಂದು ಅರ್ಥ. ಈ ವರ್ಷ ದ್ರಾಕ್ಷಿಗೆ ರೇಟು ಚೆನ್ನಾಗಿ ಬಂದು ಮುರ್ತುಜಾಸಾಬನ ಬಳಿ ನಾಲ್ಕು ಲಕ್ಷ ಉಳಿದಿತ್ತು. ಅದು ಮಗಳು ಅಬೇದಾಳ ಹೆಸರಿನ ದುಡ್ಡು. ಅಬೇದಾ ಜಲನಗರದ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ತಿಕೋಟಾದಲ್ಲೇ ಸ್ವಂತ ಲ್ಯಾಬ್ ಹಾಕಬೇಕು, ಹತ್ತಿರದ ಹೊನವಾಡದ ಬಸುರಿ ಹೆಂಗಸರು ಒಂದು ತೊಟ್ಟು ರಕ್ತ ಕೊಡಲು ವಿಜಯಪುರದ ಬಸ್ಸು ಹತ್ತುವುದು ತಪ್ಪಬೇಕು ಎಂಬುದು ಅವಳ ಹಟ. ಅದರ ಯಂತ್ರಕ್ಕೆ ಇಟ್ಟ ದುಡ್ಡದು.

"ಆರು ತಿಂಗಳು ತಡದ್ರ ಎರಡು ಯಂತ್ರ ಬರ್ತಾವಲೇ ಸಾಬಾ" ಎಂದು ಬಸಲಿಂಗಯ್ಯ ಬಾಯಿ ಬಿಟ್ಟ. ನಲವತ್ತು ವರ್ಷ ಪಳಗಿದ ಬಾಯಿ! ಮೂರನೇ ದಿನಕ್ಕೆ ಮುರ್ತುಜಾಸಾಬ ಹೂಂ ಎಂದ. ಸುದ್ದಿ ಮುಟ್ಟಿದ ಸಂಜೆಯೇ ಚೇತನಕುಮಾರ ಐದು ಸಾವಿರವನ್ನು ಮುಂಗಡವಾಗಿಯೇ ಕೊಟ್ಟ. ಬಸಲಿಂಗಯ್ಯ ಅದನ್ನು ಬನಿಯನ್ನಿನ ಒಳಜೇಬಿಗೆ ಸೇರಿಸಿದ.

ಅಬೇದಾ ಮಾತ್ರ ಮುಖ ಸಿಂಡರಿಸಿದಳು.

"ಕಾಕಾ, ಮಂದೀ ರೊಕ್ಕ ತಗೊಂಡು ಟ್ರೇಡಿಂಗ್ ಮಾಡಬೇಕಂದ್ರ ಸೆಬಿ ನೋಂದಣಿ ಇರಬೇಕು. ಅವರ ನಂಬರ್ ಎಷ್ಟು ಕೇಳ್ರಿ."

ಬಸಲಿಂಗಯ್ಯ ಕೇಳಿದ. "ಅದು ಪ್ರೊಸೆಸ್‌ನ್ಯಾಗ ಐತ್ರಿ ಅಜ್ಜಾರ" ಎಂದು ಚೇತನಕುಮಾರ ನಕ್ಕ. ಹಲ್ಲು ತೋರಿಸು ಎಂದರೆ 'ಎತ್ತು ಮೇವು ತಿನ್ನಾಕತ್ತೈತಿ' ಎಂದು ತಾನೇ ಎಷ್ಟು ಸಲ ಹೇಳಿದ್ದನೋ! ಎದೆಯಲ್ಲಿ ಏನೋ ಚುಚ್ಚಿತು. ಆದರೆ ಒಳಜೇಬಿನಲ್ಲಿ ಐದು ಸಾವಿರ ಬೆಚ್ಚಗಿತ್ತು, ಚುಚ್ಚಿದ್ದನ್ನು ಮರೆಸಿತು.

ದುಡ್ಡು ಹಾಕುವ ದಿನ ಇಬ್ಬರೂ ಕ್ಲಾಸಿಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ವಿಚಿತ್ರವೆಂದರೆ, ದಾರಿಯುದ್ದಕ್ಕೂ ಮುರ್ತುಜಾಸಾಬನದು ಒಂದೇ ಪಲ್ಲವಿ.

"ಅಯ್ಯಾ, ನಿನ್ನ ಕಿಲಾರಿ ಎತ್ತಿನ ಜೋಡಿ ಮಾರಿದ ರೊಕ್ಕ ಮನ್ಯಾಗ ಯಾಕ ಇಟ್ಟೀ? ನೀನೂ ಹಾಕಲೇ."

"ನನ್ನ ಮೊಣಕಾಲಿಗೆ ಬೇಕಪ್ಪಾ ಅದು" ಎಂದು ಬಸಲಿಂಗಯ್ಯ ಜಾರಿಕೊಂಡ. ಗೆಳೆಯನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಒಳಗೊಳಗೇ ನಾಚಿಕೆಯೂ ಆಯಿತು.

ಚೇತನಕುಮಾರ ಖಾತೆಯ ನಂಬರು ಓದತೊಡಗಿದ. ಮುರ್ತುಜಾಸಾಬ ಕನ್ನಡಕ ಏರಿಸಿ ಮೊಬೈಲಿನಲ್ಲಿ ಒಂದೊಂದೇ ಅಂಕಿ ಒತ್ತತೊಡಗಿದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮಿರಮಿರ ಅಂಗಿಯ ಹುಡುಗ ಎದ್ದು ನಿಂತು ಕೂಗಿದ.

"ಸರ್, ಇವತ್ತೊಂದ ದಿನಕ್ಕ ಹನ್ನೆರಡು ಸಾವಿರ ಬಂತ್ರಿ! ನಂದು ಇನ್ನೊಂದು ಲಕ್ಷ ತಗೋರಿ!"

ಹೀಗೆ ಕೂಗಿ ಎರಡು ಹೆಜ್ಜೆ ಹಿಂದೆ ಸರಿದು, ಓರೆಗಣ್ಣಲ್ಲಿ ಮುರ್ತುಜಾಸಾಬನನ್ನು ನೋಡಿದ.

ಅಯ್ಯಯ್ಯೋ! ಬಸಲಿಂಗಯ್ಯನ ಬೆನ್ನು ನೆಟ್ಟಗಾಯಿತು. ಆ ಎರಡು ಹೆಜ್ಜೆ ಅವನಿಗೆ ಗೊತ್ತು. ಸಂತೆಯಲ್ಲಿ ಸುಳ್ಳು ಗಿರಾಕಿ ಇಡುವುದು ಹೀಗೆಯೇ. ಎತ್ತಿನ ಸುತ್ತ ತಿರುಗಿ, ಬೆನ್ನು ತಟ್ಟಿ, ದೊಡ್ಡ ರೇಟು ಕೂಗಿ, ನಿಜವಾದ ಗಿರಾಕಿಗೆ ಜಾಗ ಬಿಟ್ಟು ಹಿಂದೆ ಸರಿಯಬೇಕು. ಹರೆಯದಲ್ಲಿ ಈ ಕೆಲಸವನ್ನು ಅವನಷ್ಟು ಚಂದವಾಗಿ ಇಡೀ ಜಿಲ್ಲೆಯಲ್ಲಿ ಯಾರೂ ಮಾಡುತ್ತಿರಲಿಲ್ಲ.

ಹುಡುಗನನ್ನು ಪಕ್ಕಕ್ಕೆ ಎಳೆದು ಕೂಡಿಸಿದ. "ಯಾವೂರಪ್ಪಾ ತಮ್ಮಾ?"

"ಕನಮಡಿರಿ. ಮುತ್ತು ಅಂತ."

"ಯಾರ ಪೈಕಿ?"

"ದನದ ದಲಾಲಿ ಮಾಡ್ತಿದ್ದ ಸಿದ್ರಾಮಪ್ಪನ ಮಗಾರಿ."

ಬಸಲಿಂಗಯ್ಯ ಹಲ್ಲು ಕಿರಿದ. ಹುಡುಗನ ಕಿವಿಯ ಹತ್ತಿರ ಬಾಗಿದ.

"ಹಂಗಾರ ನಮ್ಮಂವನ ಆದ್ಯಲ್ಲೋ! ನಾನೂ ಸರ್ ಕಡೆಯವನ, ಈ ಸಾಬನ್ನ ಕರಕೊಂಡು ಬಂದಂವ ನಾನ. ನಿನಗ ದಿನಕ್ಕ ಎಷ್ಟು ಕೊಡ್ತಾರ? ನೂರರ ಲೆಕ್ಕ." ಎನ್ನುತ್ತಲೇ ಹೆಗಲ ವಲ್ಲಿ ಇಬ್ಬರ ಕೈ ಮೇಲೂ ಬಿತ್ತು.

ವಲ್ಲಿ ಬಿದ್ದ ಕೂಡಲೇ ಮುತ್ತುವಿನ ಕೈ ತನ್ನ ಅಪ್ಪನ ಕೈಯಾಯಿತು. ಅಂಗೈ ಇಡಿಯಾಗಿ ಹಿಡಿದ, ಬಿಟ್ಟ, ಆಮೇಲೆ ಮೂರು ಬೆರಳು ಹಿಡಿದ. ಎಂಟು ನೂರು. ಬಾಯಲ್ಲಿ ಲಕ್ಷ, ಕೈಯಲ್ಲಿ ಎಂಟು ನೂರು! ಹೇಳಿದ ಮೇಲೆ ಹುಡುಗನ ಮುಖ ಬಿಳಿಚಿತು. ಬಸಲಿಂಗಯ್ಯ ಅವನ ಬೆನ್ನು ತಟ್ಟಿ, "ಯಾರಿಗೂ ಹೇಳಂಗಿಲ್ಲ ಬಿಡು" ಎಂದ. ವಲ್ಲಿಯನ್ನು ಹೆಗಲಿಗೆ ಎಳೆದುಕೊಂಡ. ಮೂರು ವರ್ಷದವಳಿದ್ದಾಗ ಅಬೇದಾ ಇದೇ ವಲ್ಲಿಯನ್ನು ರುಮಾಲು ಸುತ್ತಿಕೊಂಡು ಅವನ ಹೆಗಲ ಮೇಲೆ ಕೂತು ಸಂತೆ ನೋಡಿದ್ದಳು. ಅವಳ ಯಂತ್ರವನ್ನು ಐದು ಸಾವಿರಕ್ಕೆ ಮಾರಿಬಿಟ್ಟೆನಲ್ಲ, ಥೂ ನನ್ನ ಜನ್ಮಕ್ಕಿಷ್ಟು ಎಂದುಕೊಂಡ.

"ಇನ್ನೊಂದ್ ಸಲ ಒತ್ರಿ ಸಾಹೇಬ್ರ, ಮುಗೀತು" ಎನ್ನುತ್ತಿದ್ದ ಚೇತನಕುಮಾರ.

ಮುರ್ತುಜಾಸಾಬ ಬೆರಳು ಎತ್ತಿದ. ಬಸಲಿಂಗಯ್ಯ ಮೊಣಕಾಲಿನ ನೋವು ಮರೆತು ಹಾರಿದ. ವಲ್ಲಿ ಮೊಬೈಲಿನ ಮೇಲೆ, ಕೈಯ ಮೇಲೆ, ಎಲ್ಲದರ ಮೇಲೂ ಬಿತ್ತು. ಒಳಗೆ ಅವನು ಹೆಬ್ಬೆರಳು ಮಡಚಿ ಬಲವಾಗಿ ಒತ್ತಿದ. ಸಾಲದೆಂದು ಮತ್ತೊಮ್ಮೆ ಒತ್ತಿದ.

ಮುರ್ತುಜಾಸಾಬ ಒಂದು ಗಳಿಗೆ ಗೆಳೆಯನ ಮುಖವನ್ನೇ ನೋಡಿದ. ಆಮೇಲೆ ಕನ್ನಡಕ ಇಳಿಸಿ, ಮೊಬೈಲನ್ನು ಜೇಬಿಗೆ ಹಾಕಿ ಎದ್ದ.

"ಚಾರ್ಜ್ ಹೋತ್ರಿ ಸರ್. ನಾಳಿಗೆ ಬರ್ತೇವಿ."

"ಆಫರ್ ಇವತ್ತ ಮುಗೀತೈತ್ರಿ! ಚಾರ್ಜರ್ ಇಲ್ಲೇ ಐತ್ರಿ!"

"ನಮ್ಮ ಫೋನಿನ ಪಿನ್ ಸಣ್ಣದ್ರಿ" ಎನ್ನುತ್ತ ಮುರ್ತುಜಾಸಾಬ ಬಾಗಿಲು ದಾಟಿದ. ಬಸಲಿಂಗಯ್ಯ ಹೋಗುವ ಮುನ್ನ ಸುಸಲಾದ ತಟ್ಟೆ ಖಾಲಿ ಮಾಡಿಯೇ ಎದ್ದ. ಅದೊಂದು ಮಾತ್ರ ಅಲ್ಲಿ ಅಸಲಿ ಮಾಲು.

ತಿಕೋಟಾದ ಬಸ್ಸಿನಲ್ಲಿ ಬಸಲಿಂಗಯ್ಯ ಮುತ್ತುವಿನ ಎಂಟು ನೂರರ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದರೂ ಮುರ್ತುಜಾಸಾಬ ಕಿಟಕಿಯಾಚೆಯ ದ್ರಾಕ್ಷಿ ತೋಟ ನೋಡುತ್ತ ಕೂತ. ಮನೆಯ ಕಟ್ಟೆಯ ಮೇಲೆ ಕೂತ ಮೇಲಷ್ಟೇ ಕೈ ಚಾಚಿ ಬಸಲಿಂಗಯ್ಯನ ಹೆಗಲಿನ ವಲ್ಲಿ ಎಳೆದುಕೊಂಡ. ಅದನ್ನು ಇಬ್ಬರ ಕೈ ಮೇಲೂ ಹಾಸಿದ.

"ಸಾವಿರದ ಲೆಕ್ಕ" ಎಂದ. "ನನ್ನ ಕರಕೊಂಡು ಹೋಗಿದ್ದಕ್ಕ ನಿನಗ ಎಷ್ಟು ಕೊಟ್ಟಾನ?"

ಬಸಲಿಂಗಯ್ಯನ ಬಾಯಿಗೆ ಹತ್ತು ಉತ್ತರಗಳು ಬಂದವು. ಅವನ ಬಾಯಿ ಎಂದಾದರೂ ಸೋತದ್ದುಂಟೇ? ಆದರೆ ಕೇಳಿದ್ದು ಬಾಯನ್ನಲ್ಲ. ಮೂವತ್ತು ವರ್ಷದ ಸ್ನೇಹ ಇವತ್ತಿಗೆ ಮುಗಿಯಿತು ಎಂದುಕೊಂಡು, ಕಣ್ಣು ಮುಚ್ಚಿ, ಗೆಳೆಯನ ಅಂಗೈಯನ್ನು ಇಡಿಯಾಗಿ ಹಿಡಿದ.

ಐದು.

ಮುರ್ತುಜಾಸಾಬ ಕೈ ಕೊಸರಿಕೊಳ್ಳಲಿಲ್ಲ. ಆಮೇಲೆ ಅವನ ಕೈಯೇ ತಿರುಗಿ ಬಸಲಿಂಗಯ್ಯನ ಅಂಗೈಯನ್ನು ಇಡಿಯಾಗಿ ಹಿಡಿಯಿತು.

ಬಸಲಿಂಗಯ್ಯ ಕಣ್ಣು ತೆರೆದ. "ಇದ್ಯಾವ ಐದಲೇ?"

"ನಿನ್ನ ಕಿಲಾರಿ ರೊಕ್ಕ ಹಾಕಸ್ತೇನಿ ಅಂತ ಒಪ್ಪಿದ್ದಕ್ಕ, ನನಗ" ಎಂದ ಮುರ್ತುಜಾಸಾಬ, ನೆಲ ನೋಡುತ್ತ. "ಮೊನ್ನೆ ಆ ಸರ್ ಫೋನ್ ಮಾಡಿ ಕರದು ಕೈಯಾಗ ಇಟ್ಟ."

"ಹಲ್ಕಟ್ ಸಾಬಾ! ಅದಕ್ಕ ದಾರಿತುಂಬ ನೀನೂ ಹಾಕು, ನೀನೂ ಹಾಕು ಅಂದ್ಯಾ?"

"ನೀ ಏನ್ ಸಂತನೇನಲೇ?"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಮೊದಲು ನಕ್ಕವರು ಯಾರೋ ಹೇಳಲಾಗದು. ನಗುವ ಭರದಲ್ಲಿ ಬಸಲಿಂಗಯ್ಯನ ಮೊಣಕಾಲು ಕಟ್ಟೆಗೆ ಬಡಿದು ಕಣ್ಣಲ್ಲಿ ನೀರು ಬಂತು.

ಬಾಗಿಲಲ್ಲಿ ನಿಂತಿದ್ದ ಅಬೇದಾ ಒಂದು ಮಾತನ್ನೂ ತಪ್ಪದೆ ಕೇಳಿಸಿಕೊಂಡಿದ್ದಳು. ಇಬ್ಬರ ಎದುರು ಬಂದು ಕೂತಳು.

"ಅಬ್ಬಾ, ಕಾಕಾ, ನಿಮಗಿಬ್ಬರಿಗೂ ಶೇರು ಕಲಿಯೂದೈತಿ ಹೌದಿಲ್ರಿ? ನಾ ಎರಡು ವರ್ಷಾತು ತಿಂಗಳಿಗೆ ಐದನೂರು ಹಾಕಾಕತ್ತೇನಿ. ಒಂದ ಕಂಪನಿಗೆ ಅಲ್ಲ, ಐವತ್ತು ಕಂಪನಿಗೆ ಕೂಡೇ ಹಂಚೂ ಫಂಡಿಗೆ. ದುಪ್ಪಟ್ಟು ಅಂತ ಯಾರೂ ನನಗ ಹೇಳಿಲ್ಲ, ಒಮ್ಮೊಮ್ಮೆ ಇಳೀತೈತಿ ಸೈತ. ನಾ ಕಲಿಸ್ತೇನಿ ನಿಮಗ. ಚಹಾ ಸುಸಲಾನೂ ಮಾಡ್ತೇನಿ."

"ಭಲೇ ನನ್ನ ಮಗಳ!" ಎಂದ ಬಸಲಿಂಗಯ್ಯ. "ಫೀಸು ಎಷ್ಟವ್ವಾ?"

ಅಬೇದಾ "ಸಾವಿರದ ಲೆಕ್ಕ" ಎಂದಷ್ಟೇ ಹೇಳಿ ತನ್ನ ಎರಡೂ ಕೈಗಳನ್ನು ವಲ್ಲಿಯೊಳಗೆ ತೂರಿಸಿದಳು. ಒಂದರಿಂದ ಅಪ್ಪನ ಅಂಗೈಯನ್ನು, ಇನ್ನೊಂದರಿಂದ ಕಾಕಾನ ಅಂಗೈಯನ್ನು ಇಡಿಯಾಗಿ ಹಿಡಿದಳು. ಬಿಡಲೇ ಇಲ್ಲ.

ಮುದುಕರಿಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಖಾಲಿ ಇದ್ದ ಕೈಯನ್ನು ಒಬ್ಬ ಬನಿಯನ್ನಿನ ಒಳಜೇಬಿಗೆ, ಇನ್ನೊಬ್ಬ ಕೋಟಿನ ಒಳಜೇಬಿಗೆ ಹಾಕಿದರು.