ಹೆಬ್ಬಾತುಗಳಿಗೆ ಕರಿಯಪ್ಪನ ಸ್ವಾಗತ

ಬಿಳಿಗೆರೆ ಕಡೆಯ ಆ ಊರಿನ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಹೆಬ್ಬಾತುಗಳು ಬರುತ್ತವೆ. ಅಷ್ಟು ದೂರದಿಂದ ಬಂದವಕ್ಕೆ ಊರಿನವರು ಇದುವರೆಗೂ ಕೊಟ್ಟ ಮರ್ಯಾದೆ ಎಂದರೆ ಕವಣೆ ಬೀಸಿ ಹೊಲದಿಂದ ಅಟ್ಟುವುದೊಂದೇ. ಈಗ ಕಾಲ ಬದಲಾಯಿತು. ಕೆರೆಯನ್ನು ಪಕ್ಷಿ ಸಂರಕ್ಷಣಾ ತಾಣ ಮಾಡುತ್ತಾರಂತೆ, ನೋಡಲು ಬರುವವರಿಗೆ ಊರಿನವನೊಬ್ಬನನ್ನೇ ಗೈಡ್ ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗಿನಿಂದ ಕರಿಯಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಐವತ್ತು ದಾಟಿದ ಈ ಆಸಾಮಿಯ ಮಾತನ್ನು ಊರಿನಲ್ಲಿ ಯಾರೂ ಕೊನೆತನಕ ಕೇಳಿದ್ದಿಲ್ಲ. ಗೈಡ್ ಆದರೆ ಕೇಳದೆ ಎಲ್ಲಿಗೆ ಹೋಗುತ್ತಾರೆ, ಟಿಕೆಟ್ ತೆಗೆದುಕೊಂಡು ಬಂದಿರುತ್ತಾರಲ್ಲ! ಆ ಕೆಲಸ ಅವನಿಗೆ ಬೇಕೇ ಬೇಕಿತ್ತು.

"ಇನ್ಮೇಲೆ ಬಾತ್‌ಗೊಳ್ನ ಯಾರೂ ಓಡುಸ್ಬಾರ್ದು ಕಣ್ರಪ್ಪಾ, ಅವು ನಮ್ಮೂರ್ಗೆ ಬಂದಿರೋ ನೆಂಟ್ರು," ಎಂದು ಮನೆಮನೆಗೂ ಸಾರಿ ಬಂದ.

"ನೆಂಟ್ರು ಅನ್ನ ಉಂಡೋಯ್ತಾರೆ, ಇವು ಒಲಾನೇ ಉಂಡೋಯ್ತವೆ," ಎಂದಳು ಹೆಂಡತಿ ಮಂಗಳಮ್ಮ. ಅವರ ಹುರುಳಿ ಕೀಳುವ ಹದಕ್ಕೆ ಬಂದಿತ್ತು. ಕರಿಯಪ್ಪ ಕೇಳಿಸಿಕೊಳ್ಳಲಿಲ್ಲ.

ಕೆರೆ ನೋಡಿ ಗೈಡನ್ನು ಆರಿಸಲು ಅರಣ್ಯಾಧಿಕಾರಿ ರಂಜಿನಿ ಬರುವ ದಿನ ಬಂತು. ದೊಡ್ಡವರನ್ನು ಸದ್ದಿಲ್ಲದೆ ಬರಮಾಡಿಕೊಳ್ಳುವುದು ಆ ಊರಿನ ಜಾಯಮಾನದಲ್ಲೇ ಇಲ್ಲ. ಕರಿಯಪ್ಪ ಏರಿಯ ಮರಗಳಿಗೆಲ್ಲ ಸುಣ್ಣ, ಕೆಮ್ಮಣ್ಣು ಬಳಿಸಿದ. ಮೈಸೂರು ಪೇಟ ತರಿಸಿದ. ತಮಟೆಯವರನ್ನು ನೀರಿನ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿದ. ಜೀಪು ಕಂಡದ್ದೇ ತಡ, ತಮಟೆ ಮೊಳಗಿತು, ಸರಪಟಾಕಿ ಸಿಡಿಯಿತು. ಮೇಡಂ ಪೇಟ ತೊಡಿಸಿಕೊಂಡು, ಹೊಗೆಯಲ್ಲಿ ಕೆಮ್ಮುತ್ತ ದುರ್ಬೀನು ಎತ್ತುವ ಹೊತ್ತಿಗೆ ಕೆರೆಯಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲ.

"ಹಕ್ಕಿಗಳೆಲ್ಲಿ ಕರಿಯಪ್ಪನವರೇ?"

ಕರಿಯಪ್ಪ ಖಾಲಿ ಕೆರೆಯತ್ತ ನೋಡಿದ. ಪಟಾಕಿ ತರಿಸಿದ ಬುದ್ಧಿಗೆ ಬೆಂಕಿ ಹಾಕ ಎಂದು ತನ್ನನ್ನೇ ಶಪಿಸಿಕೊಂಡ. "ಟಿಫನ್‌ಗೆ ಓಗವೆ ಮೇಡಮ್ಮೋರೆ," ಎಂದುಬಿಟ್ಟ.

ಬಾಯಿಗೆ ಬಂದ ಸುಳ್ಳು ನಿಜವಾಗಿತ್ತು. ಏರಿಯ ಆಚೆ, ಹುರುಳಿ ಹೊಲವೊಂದರಲ್ಲಿ ಹೆಬ್ಬಾತುಗಳೆಲ್ಲ ಪಂಕ್ತಿಗೆ ಕೂತಂತೆ ಕೂತು ತಿನ್ನುತ್ತಿದ್ದವು. ಹೊಲ ಕರಿಯಪ್ಪನದೇ.

ರಂಜಿನಿ ಮೇಡಂ ಏರಿ ಇಳಿದು ಬದುವಿನ ಮೇಲೆ ಮೆಲ್ಲಗೆ ಕೂತರು. "ಅಬ್ಬಾ, ಇಷ್ಟು ಹತ್ತಿರದಿಂದ ನಾನು ಎಲ್ಲೂ ನೋಡಿಲ್ಲ! ಯಾರದಪ್ಪ ಈ ಹೊಲ? ಓಡಿಸದೆ ಬಿಟ್ಟಿದ್ದಾರಲ್ಲ, ಪುಣ್ಯಾತ್ಮರು."

"ನಂದೇಯ," ಎಂದ ಕರಿಯಪ್ಪ. ಹೊಟ್ಟೆ ಉರಿಯುತ್ತಿತ್ತು, ಮುಖ ನಗುತ್ತಿತ್ತು.

"ಹಾಗಾದರೆ ಗೈಡ್ ನೀವೇ. ಇಂಥ ಮನಸ್ಸು ಯಾರಿಗೆ ಬರುತ್ತೆ!"

ಅವನು ಕೈಮುಗಿಯುವಷ್ಟರಲ್ಲಿ ಖಾಲಿ ಎಣ್ಣೆ ಡಬ್ಬ ಬಡಿಯುತ್ತ, ಬಾತುಗಳ ಮೂರು ತಲೆಮಾರನ್ನೂ ಬೈಯುತ್ತ ಮಂಗಳಮ್ಮ ಹೊಲಕ್ಕೆ ನುಗ್ಗಿದಳು.

"ಅಯ್ಯೋ, ಯಾರ್ರೀ ಆಕೆ?" ಎಂದರು ಮೇಡಂ.

ಕೈಗೆ ಬಂದ ತುತ್ತು ಬಾಯಿಗೆ ಬರುವುದರೊಳಗೆ ಜಾರುತ್ತಿತ್ತು. "ಗೊತ್ತಿಲ್ಲ ಮೇಡಮ್ಮೋರೆ. ಪಕ್ಕದೂರ್ನೋಳು ಇರ್ಬೇಕು."

ಡಬ್ಬದ ಸದ್ದು ನಿಂತಿತು. ಮಂಗಳಮ್ಮ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸೆರಗು ಸರಿಮಾಡಿಕೊಂಡು ಬಹಳ ವಿನಯದಿಂದ ಕೇಳಿದಳು:

"ಊ ಕಣವ್ವಾ, ನಾ ಪಕ್ಕದೂರ್ನೋಳೇಯ. ಈ ನಿಮ್ ಗೈಡ್‌ಗೆ ಇವತ್ತಿಂದ ಇಟ್ಟು ಸಾರು ನೀವೇ ಕೊಡ್ತೀರೋ, ಇಲ್ಲ ಬಾತ್‌ಗೊಳ್ ಜೊತ್ಗೇ ಮೇಯಕ್ ಬುಡ್ತೀರೋ?"